ಇಬ್ಬರು ಕರ್ನಲರು, ಒಂದು ಪಲಟಣ

ಅಮೆರಿಕದ ಅಂತರ್ಯುದ್ಧದ ಚರಿತ್ರೆಯನ್ನು ಓದುವವರು ಗೆಟಿಸ್‌ಬರ್ಗಿನ ಒಂದು ಗುಡ್ಡದ ಬಳಿ ತಪ್ಪದೆ ನಿಲ್ಲುತ್ತಾರೆ. 1863ನೆಯ ಇಸವಿ ಜುಲೈ 2ರ ಸಂಜೆ, ಲಿಟ್ಲ್ ರೌಂಡ್ ಟಾಪ್ ಎಂಬ ಆ ಗುಡ್ಡದಲ್ಲಿ ಉತ್ತರದವರ ಸೈನ್ಯದ ಎಡತುದಿಯನ್ನು ಕಾಯುತ್ತಿದ್ದ 20ನೆಯ ಮೇಯ್ನ್ ಪಲಟಣವು, ಮದ್ದುಗುಂಡು ತೀರುತ್ತ ಬಂದಾಗ ಬಂದೂಕಿನ ಬಾಕುಗಳನ್ನು ಚಾಚಿ ಕೆಳಗೆ ನುಗ್ಗಿ ಅಲಬಾಮದ ದಳವನ್ನು ಚದರಿಸಿತು. ಕೀರ್ತಿಯು ಕರ್ನಲ್ ಜೋಷುವ ಚೇಂಬರ್ಲೇನನಿಗೆ ಸಂದಿತು, ಸಂದದ್ದು ನ್ಯಾಯವೇ. ಆದರೆ ಅದರಲ್ಲಿ ಒಂದು ಪಾಲಿಗೆ ಹಕ್ಕುದಾರನಾದ ಮತ್ತೊಬ್ಬನು ಅದೇ ರಣರಂಗದಲ್ಲಿ ಬೇರೊಂದು ಗುಡ್ಡದ ಮೇಲಿದ್ದನು.

ಅವನು ಏಡೆಲ್ಬರ್ಟ್ ಏಮ್ಸ್. 1862ರ ಆಗಸ್ಟಿನಲ್ಲಿ ಈ ಪಲಟಣ ಕೂಡಿದಾಗ ಅದರ ಮೊದಲ ಕರ್ನಲನಾದ ಅವನಿಗೆ ವಯಸ್ಸು 26. ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಿಂದ ಹೊರಬಿದ್ದು ಒಂದು ವರ್ಷವಷ್ಟೇ ಆಗಿತ್ತು. ಅಷ್ಟರಲ್ಲೇ ಬುಲ್ ರನ್ ಕದನದಲ್ಲಿ ಗಾಯಗೊಂಡೂ ತನ್ನ ತೋಪುಗಳನ್ನು ಬಿಟ್ಟು ಕದಲದೆ ಹೆಸರಾಗಿದ್ದನು. ಅವನ ಕೈಗೆ ಬಂದವರೋ ರೈತರು, ಮರ ಕಡಿಯುವವರು, ಮೀನುಗಾರರು. ಹೆಜ್ಜೆ ಕೂಡಿಸಿ ನಡೆಯಲೂ ಅರಿಯದವರು. ಏಮ್ಸನು ಅವರನ್ನು ಗಂಟೆಗಟ್ಟಲೆ ಕವಾಯತಿನಲ್ಲಿ ಅರೆದನು, ಬಯ್ದನು, ಶಿಕ್ಷಿಸಿದನು. ಮೊದಲ ಯುದ್ಧದಲ್ಲೇ ಸಿಪಾಯಿಗಳು ಇವನನ್ನು ಗುಂಡಿಟ್ಟು ಕೊಲ್ಲುವರೆಂದು ಚೇಂಬರ್ಲೇನನ ತಮ್ಮನೇ ಮನೆಗೆ ಬರೆದನಂತೆ.

ಚೇಂಬರ್ಲೇನನು ಬೌಡಿನ್ ಕಾಲೇಜಿನಲ್ಲಿ ಅಲಂಕಾರಶಾಸ್ತ್ರವನ್ನೂ ಭಾಷೆಗಳನ್ನೂ ಬೋಧಿಸುತ್ತಿದ್ದವನು. ಕರ್ನಲ್ ಪದವಿ ತಾನಾಗಿ ಬಂದಾಗ ಒಲ್ಲೆನೆಂದು, ಕೆಳಗಿನ ಸ್ಥಾನದಲ್ಲಿ ನಿಂತು ಕಲಿಯುವೆನೆಂದನು. ತನಗಿಂತ ಏಳು ವರ್ಷ ಕಿರಿಯನಾದ ಏಮ್ಸನಿಂದ ಯುದ್ಧವಿದ್ಯೆಯ ಪಾಠ ಹೇಳಿಸಿಕೊಂಡನು. ಪಾಠ ಹೇಳಿ ಹೇಳಿ ಅಭ್ಯಾಸವಾದ ನಮ್ಮಂಥವರಿಗೆ ಇದೆಷ್ಟು ಕಷ್ಟವೆಂಬುದು ನಮಗೇ ಗೊತ್ತು.

ಆ ಚಳಿಗಾಲ ಪಲಟಣಕ್ಕೆ ಒಳಿತಾಗಲಿಲ್ಲ. ಫ್ರೆಡರಿಕ್ಸ್‌ಬರ್ಗಿನ ಬಯಲಲ್ಲಿ ಹೆಣಗಳ ಮರೆಯಲ್ಲಿ ಮಲಗಿ ರಾತ್ರಿ ಕಳೆಯಬೇಕಾಯಿತು. ವಸಂತದಲ್ಲಿ ಕೆಟ್ಟ ದೇವಿಹಾಕುವಿಕೆಯಿಂದ ಸಿಡುಬು ಹಬ್ಬಿ, ದಳವನ್ನೇ ಪ್ರತ್ಯೇಕವಾಗಿಟ್ಟರು. ಸುಮಾರು ಸಾವಿರವಿದ್ದ ಬಲವು ಅರ್ಧಕ್ಕೂ ಕೆಳಗಿಳಿಯಿತು. 1863ರ ಮೇ ತಿಂಗಳಲ್ಲಿ ಏಮ್ಸನಿಗೆ ಬಡ್ತಿಯಾಗಿ, ಚೇಂಬರ್ಲೇನನು ನಾಯಕನಾದನು.

ಆಗಲೇ 120 ಮಂದಿ ದಂಗೆಕೋರರು ಬಂದರು. ಇವರು 2ನೆಯ ಮೇಯ್ನ್ ಪಲಟಣದವರು. ಜೊತೆಗಾರರು ಎರಡು ವರ್ಷದ ಅವಧಿ ಮುಗಿಸಿ ಊರಿಗೆ ಹೋದರು. ಇವರು ರುಜು ಹಾಕಿದ್ದ ಕಾಗದ ಮೂರು ವರ್ಷದ್ದು. ಮೋಸಹೋದೆವೆಂದು ಆಯುಧ ಹಿಡಿಯಲು ಒಪ್ಪಲಿಲ್ಲ. ಬಾಕುಗಳ ಕಾವಲಿನಲ್ಲಿ, ಹಸಿದ ಹೊಟ್ಟೆಯಲ್ಲಿ ಅವರನ್ನು ಕರೆತಂದರು. ಮಾತು ಕೇಳದಿದ್ದರೆ ಗುಂಡಿಕ್ಕಬಹುದೆಂದು ಅಪ್ಪಣೆಯಿತ್ತು. ಚೇಂಬರ್ಲೇನನು ತನ್ನ ರೀತಿಯಲ್ಲಿ ನಡೆಸಲು ಜನರಲ್ ಮೀಡನಿಂದ ಅನುಮತಿ ಪಡೆದು, ಕಾವಲನ್ನು ತೆಗೆಸಿ, ಮೊದಲು ಊಟ ಹಾಕಿಸಿದನು. ಅವರ ದೂರನ್ನು ಕೇಳಿದನು. ಮೇಯ್ನ್ ಗವರ್ನರಿಗೆ ಅವರ ಪರವಾಗಿ ಬರೆದನು. ಆಮೇಲೆ ಅವರನ್ನು ಒಟ್ಟಿಗಿಡದೆ ಕಂಪೆನಿಗಳಲ್ಲಿ ಹಂಚಿದನು. ಬೆರಳೆಣಿಕೆಯವರ ಹೊರತು ಎಲ್ಲರೂ ಬಂದೂಕು ಹಿಡಿದರು.

ಏಮ್ಸನ ದರ್ಪವನ್ನು ಹಳಿದು ಚೇಂಬರ್ಲೇನನ ದಯೆಯನ್ನು ಹೊಗಳುವುದು ರೂಢಿ. ನಮಗೆ ಇದು ಒಪ್ಪಿಗೆಯಿಲ್ಲ. ಬಂದವರನ್ನು ಹಂಚುವುದಕ್ಕೆ ಪಳಗಿದ ಕಂಪೆನಿಗಳಿರಬೇಕಷ್ಟೆ? ಅವನ್ನು ಪಳಗಿಸಿದವನು ಏಮ್ಸ್. ಆ ಹಸಿ ಸಾವಿರ ಮಂದಿಗೆ ಮೊದಲ ದಿನದಿಂದಲೇ ಸೌಜನ್ಯವನ್ನು ಬಡಿಸಿದ್ದರೆ ಶಿಬಿರವು ಸಂತೆಯಾಗುತ್ತಿತ್ತು. ಹಾಗೆಯೇ ಆ 120 ಮಂದಿಯನ್ನು ಏಮ್ಸನ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತೋ ಊಹಿಸಲು ನಮಗೆ ಧೈರ್ಯವಿಲ್ಲ.

ಜುಲೈ 2ರಂದು ಎರಡೂ ಬೇಕಾದುವು. ಶತ್ರು ಪಕ್ಕದಿಂದ ಬಳಸಿ ಬರುತ್ತಿರುವುದನ್ನು ಕಂಡು ಚೇಂಬರ್ಲೇನನು ತನ್ನ ಸಾಲನ್ನು ತೆಳುವಾಗಿ ಹಿಗ್ಗಿಸಿ, ಎಡಭಾಗವನ್ನು ಹಿಂದಕ್ಕೆ ಮಡಿಸಿದನು. ಗುಂಡಿನ ಮಳೆಯಲ್ಲಿ ಸಾಲು ತುಂಡಾಗದೆ ಮಡಿಯಿತು. ಇದು ಕವಾಯತಿನ ಬಯಲಲ್ಲಿ ಕಲಿತ ಕೆಲಸ. ಸಾಲಿನ ನಡುವೆ ಸುತ್ತಲಿನವರು ಉರುಳಿದಾಗ ಧ್ವಜದ ಕೋಲನ್ನು ತೋಳಿನಲ್ಲಿ ಅವುಚಿಕೊಂಡು ಗುಂಡು ಹಾರಿಸುತ್ತ ನಿಂತವನು ಆಂಡ್ರೂ ಟೋಜಿಯರ್. ಗುಡ್ಡ ಹತ್ತಿದ 386 ಮಂದಿಯಲ್ಲಿ ಸುಮಾರು 130 ಮಂದಿ ಸತ್ತರು ಇಲ್ಲವೆ ಗಾಯಗೊಂಡರು. ಟೋಜಿಯರನಿಗೆ 1898ರಲ್ಲಿ ಅಮೆರಿಕದ ಅತ್ಯುನ್ನತ ಶೌರ್ಯಪದಕ ಬಂದಿತು. ಅವನು 2ನೆಯ ಮೇಯ್ನ್ ಪಲಟಣದಿಂದ ಬಂದವನು.