ವಿದೇಶದಲ್ಲಿ ಎಂಬಿಬಿಎಸ್: ತಂಬಾಕಿನ ದುಡ್ಡು ಕಟ್ಟುವ ಮುನ್ನ ತಿಳಿಯಬೇಕಾದ್ದು

ನೀಟ್ ಫಲಿತಾಂಶ ಬಂತು ಅಂದ್ರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಎಷ್ಟೋ ಮನೆಗಳಲ್ಲಿ ಒಂದೇ ಲೆಕ್ಕ. ಸರ್ಕಾರಿ ಸೀಟಿಗೆ ರ‍್ಯಾಂಕ್ ಸಾಲದು, ಖಾಸಗಿ ಸೀಟಿಗೆ ದುಡ್ಡು ಸಾಲದು. ಆಗ ರಷ್ಯಾ, ಜಾರ್ಜಿಯಾ, ಉಜ್ಬೇಕಿಸ್ತಾನದ ಹೆಸರು ಹಿಡಿದು ಏಜೆಂಟ್ ಬರ್ತಾನೆ. ಎಂಜಿನಿಯರಿಂಗ್ ಓದಿ ಪತ್ರಕರ್ತನಾದ ನನ್ನ ಸಲಹೆ ಇಷ್ಟೇ: ಬ್ರೋಷರ್ ಪಕ್ಕಕ್ಕಿಡಿ, ನಿಯಮ ಓದಿ. ವಿದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರ್ ಆಗಬಹುದಾ ಅನ್ನೋದನ್ನು ತೀರ್ಮಾನಿಸೋದು ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿ.

‘ಎನ್‌ಎಂಸಿ ಅನುಮೋದಿತ’ ಕಾಲೇಜು ಇದೆಯಾ?

ಇಲ್ಲ. ಯಾವುದೇ ವಿದೇಶಿ ಕಾಲೇಜಿಗೆ ಎನ್‌ಎಂಸಿ ಅನುಮೋದನೆ ಕೊಡಲ್ಲ. ಹಾಗಂತ ಹೇಳಿದವರನ್ನು ಅಲ್ಲೇ ಅನುಮಾನಿಸಿ.

ಕೋರ್ಸ್ ಹೇಗಿರಬೇಕು?

ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ವಾಪಸ್ ಬಂದ ಮೇಲೆ ಇಲ್ಲಿ ಮತ್ತೆ 12 ತಿಂಗಳು. ಪಾಠ ಇಂಗ್ಲಿಷಿನಲ್ಲೇ ಇರಬೇಕು. ಸೇರಿದ 10 ವರ್ಷದೊಳಗೆ ಕೋರ್ಸ್ ಮುಗಿಯಬೇಕು. ಆ ದೇಶದವರಿಗೆ ಸಿಗುವಂಥದ್ದೇ ವೈದ್ಯಕೀಯ ನೋಂದಣಿ ನಿಮಗೂ ಸಿಗಬೇಕು. ಬಹಳ ಜನ ಸಿಕ್ಕಿಬೀಳೋದು ತಿಂಗಳ ಲೆಕ್ಕದಲ್ಲಿ. ಫಿಲಿಪೈನ್ಸ್‌ನ 4 ವರ್ಷದ ಎಂ.ಡಿ. ಅಂದ್ರೆ 48 ತಿಂಗಳು. ಅದಕ್ಕೆ ಮುಂಚಿನ ಬಿ.ಎಸ್. ಓದು ಎಣಿಕೆಗೆ ಬರಲ್ಲ.

ಮಧ್ಯದಲ್ಲಿ ಕಾಲೇಜು ಬದಲಿಸಬಹುದಾ?

ಪೂರ್ತಿ ಓದು ಒಂದೇ ಸಂಸ್ಥೆಯಲ್ಲಿ ಆಗಬೇಕು ಅನ್ನೋದು ನಿಯಮ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದರು. ಪಿಯುಸಿಯಲ್ಲಿ ಅಷ್ಟು ಅಂಕ ತೆಗೆದ ಹುಡುಗನಿಗೂ ಇಲ್ಲಿ ಸೀಟು ಸಿಗಲಿಲ್ಲ ಅಂತ ಅವರ ತಂದೆ ಕೇಳಿದ ಪ್ರಶ್ನೆ ಇನ್ನೂ ಹಾಗೇ ಇದೆ. ಯುಕ್ರೇನ್‌ನಿಂದ ಜೀವ ಉಳಿಸಿಕೊಂಡು ಬಂದವರು ಬೇರೆ ದೇಶದಲ್ಲಿ ಓದು ಮುಂದುವರಿಸೋಕೆ ಅದೇ ಸೆಪ್ಟೆಂಬರ್‌ವರೆಗೆ ಕಾಯಬೇಕಾಯ್ತು. ಆಗಲೂ ಅದು ವಿಶೇಷ ವಿನಾಯಿತಿ ಅಷ್ಟೇ. ಆದ್ದರಿಂದ ಫೀಸಿನ ಜೊತೆ ಆ ದೇಶದ ಪರಿಸ್ಥಿತಿಯನ್ನೂ ತೂಗಿ ನೋಡಿ.

ಪರೀಕ್ಷೆಗಳು ಯಾವುವು?

ಹೋಗುವ ಮುನ್ನ ನೀಟ್ ಅರ್ಹತೆ ಕಡ್ಡಾಯ. ಬಂದ ಮೇಲೆ ಎಫ್‌ಎಂಜಿಇ: 300 ಪ್ರಶ್ನೆ, ಪಾಸಾಗಲು 150 ಅಂಕ, ವರ್ಷಕ್ಕೆ ಎರಡು ಸಲ. ಇತ್ತೀಚೆಗೆ ಹಲವು ಸಲ ಮೂರರಲ್ಲಿ ಒಬ್ಬರೂ ಪಾಸಾಗಿಲ್ಲ. ಕನ್ನಡ ಮಾಧ್ಯಮದವರು ಗಮನಿಸಿ: ನೀಟನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದು, ಎಫ್‌ಎಂಜಿಇ ಇರೋದು ಇಂಗ್ಲಿಷಿನಲ್ಲಿ.

ದುಡ್ಡು ಎಲ್ಲಿಂದ?

ವಿದೇಶದ ಬಹುತೇಕ ಕಾಲೇಜುಗಳು ಶುರುವಾಗೋದು ಸೆಪ್ಟೆಂಬರ್ ಆಸುಪಾಸಿನಲ್ಲಿ. ತಂಬಾಕು ಹರಾಜಿನ ದುಡ್ಡು ಕೈಸೇರೋದು ಅದಾದ ಮೇಲೆ. ಆ ನಡುವಿನ ತಿಂಗಳುಗಳಲ್ಲೇ ಕೈಸಾಲದ ಬಡ್ಡಿ ಬೆಳೆಯೋದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿ ದಾಟಿದರೆ ಆಸ್ತಿ ಅಡಮಾನ ಬೇಕು. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ, ಹಾಗಾಗಿ ಹೊಲದ ಪಹಣಿ ತೋರಿಸಿದರೆ ಬ್ಯಾಂಕಿನವರು ಹಿಂದೇಟು ಹಾಕ್ತಾರೆ. ಪಾಸ್‌ಪೋರ್ಟ್ ಮಾಡಿಸೋಕೂ ಮುಂಚೆ ಬ್ಯಾಂಕಿನಿಂದ ಲಿಖಿತ ಉತ್ತರ ತಗೊಳ್ಳಿ. ಒಂದು ವರ್ಷದ್ದಲ್ಲ, ಆರೂವರೆ ವರ್ಷದ ಖರ್ಚು ಬರೆದು ನೋಡಿ.

ಇಷ್ಟನ್ನೂ ಪ್ರತಿ ಮನೆಯವರು ಒಂಟಿಯಾಗಿ ಹುಡುಕಿಕೊಳ್ಳಬೇಕಾಗಿರೋದೇ ಇಲ್ಲಿನ ರಾಜಕೀಯ ಪ್ರಶ್ನೆ. ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಪಿಯು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಈ ನಿಯಮ ಕನ್ನಡದಲ್ಲಿ ಅಂಟಿಸೋಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ನಿಮ್ಮ ಶಾಸಕರು ಮುಂದಿನ ಸಲ ಕಾಲೇಜಿಗೆ ಬಂದಾಗ ಹಾರ ಹಾಕುವ ಮೊದಲು ಇದನ್ನು ಕೇಳಿ.