ಪಾನನಿಷೇಧ ಕಾಲದ ಛಾಯಾಚಿತ್ರಗಳು

ಅಮೆರಿಕದಲ್ಲಿ 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಜಾರಿಯಲ್ಲಿದ್ದ ಪಾನನಿಷೇಧದ ದಿನಗಳ ಕಪ್ಪು-ಬಿಳುಪು ಚಿತ್ರಗಳು. ಪತ್ರಿಕೆಗಳಿಗೆ ಹೆಚ್ಚಾಗಿ ಸಿಕ್ಕದ್ದು ಪೊಲೀಸರ ದಾಳಿಯ ದೃಶ್ಯ. ನ್ಯೂಯಾರ್ಕಿನ ಉಪ ಪೊಲೀಸ್ ಆಯುಕ್ತ ಜಾನ್ ಲೀಚ್ ನೋಡುತ್ತ ನಿಂತಿರುವಂತೆ ಪೀಪಾಯಿಯ ಮದ್ಯವನ್ನು ಚರಂಡಿಗೆ ಸುರಿಯುವ ಚಿತ್ರ ಇಂದಿಗೂ ಪ್ರಸಿದ್ಧ. 1922ರ ವಾಷಿಂಗ್ಟನ್ ಚಿತ್ರವೊಂದರಲ್ಲಿ ಯುವತಿಯೊಬ್ಬಳು ಬೂಟಿನೊಳಗೆ ಚಪ್ಪಟೆ ಮದ್ಯದ ಬಾಟಲಿ ಸಿಕ್ಕಿಸುತ್ತಾಳೆ. ಇದು ಕ್ಯಾಮೆರಾಗಾಗಿಯೇ ಒಡ್ಡಿದ ಭಂಗಿ ಎಂಬುದರಲ್ಲಿ ಅನುಮಾನ ಬೇಡ. ಗುಟ್ಟಿನ ಬಾರುಗಳ ಒಳನೋಟ ಅಪರೂಪ. ಗಿರಾಕಿಗೂ ಮಾಲೀಕನಿಗೂ ಕ್ಯಾಮೆರಾ ಬೇಡವಾಗಿತ್ತು. ಮಾರ್ಗರೆಟ್ ಬರ್ಕ್-ವೈಟ್ 1933ರಲ್ಲಿ ‘ಫಾರ್ಚೂನ್’ ಪತ್ರಿಕೆಗಾಗಿ ತೆಗೆದವು ಅಂಥ ಕೆಲವು.

ಆ ಕಾಲದ ಜಾಝ್ ಚಿತ್ರಗಳು ಬಹುಪಾಲು ಸ್ಟುಡಿಯೊದವು. 1923ರ ಕಿಂಗ್ ಆಲಿವರ್ ತಂಡದ ಚಿತ್ರದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಮುಂದೆ ಮಂಡಿಯೂರಿದ್ದಾನೆ, ಲಿಲ್ ಹಾರ್ಡಿನ್ ಪಿಯಾನೊ ಬಳಿ ಇದ್ದಾಳೆ. ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ಆಗ ವೇದಿಕೆ ಕರಿಯರದು, ಮೇಜುಗಳು ಬಿಳಿಯರವು. ಈಗಿನ ಅಲಂಕಾರದ ಪೋಸ್ಟರುಗಳು ಈ ಸಂಗತಿಯನ್ನು ಮರೆಸುತ್ತವೆ.

ಇಂಥ ಚಿತ್ರಗಳ ಹಳೆಯ ಜೆಲಟಿನ್ ಸಿಲ್ವರ್ ಮುದ್ರಣಗಳ ಕಪ್ಪು ಅಂಚುಗಳಲ್ಲಿ ಹಲವು ಬಾರಿ ಬೆಳ್ಳಿಯ ಹೊಳಪು ಏಳುತ್ತದೆ. ಬೆನ್ನಲ್ಲಿ ಸುದ್ದಿಸಂಸ್ಥೆಯ ಮೊಹರು, ಟೈಪು ಮಾಡಿದ ಶೀರ್ಷಿಕೆಚೀಟಿ ಇದ್ದರೆ ಸಂಗ್ರಾಹಕರಿಗೆ ಬೆಲೆ ಹೆಚ್ಚು.