ನ್ಯೂಯಾರ್ಕಿನ ಸೋಡಚೀಟಿ



ಹೋದ ತಿಂಗಳ ಕೂಟದಲ್ಲಿ ಪುಸ್ತಕದ ಮಾತು ಮುಗಿದು ಕಾಫಿ ಕುಡಿಯುತ್ತಿದ್ದಾಗ ಗೆಳತಿಯೊಬ್ಬರು ಮೆಲ್ಲಗೆ ಒಂದು ಕಾಗದ ತೋರಿಸಿದರು. ಮೇಲೆ ದೊಡ್ಡ ಅಕ್ಷರಗಳಲ್ಲಿ 'ಸುಪ್ರೀಂ ಕೋರ್ಟ್, ನ್ಯೂಯಾರ್ಕ್ ರಾಜ್ಯ' ಎಂದಿತ್ತು. ಶಿವಮೊಗ್ಗದ ತಾಯಿಗೆ ಫೋನಿನಲ್ಲಿ ಇದನ್ನು ಓದಿ ಹೇಳಿದಾಗ "ಅಯ್ಯೋ, ಅಷ್ಟು ದೊಡ್ಡ ಕೋರ್ಟಿಗೆ ಹೋಗೋ ಅಂಥದ್ದು ಏನಾಯ್ತೇ?" ಎಂದು ಅತ್ತುಬಿಟ್ಟರಂತೆ. ಅವರ ತಪ್ಪೇನಿಲ್ಲ ಬಿಡಿ. ನ್ಯೂಯಾರ್ಕಿನಲ್ಲಿ ಸುಪ್ರೀಂ ಕೋರ್ಟ್ ಎಂದರೆ ಮೊದಲ ಮೆಟ್ಟಿಲು, ನಮ್ಮ ಜಿಲ್ಲಾ ನ್ಯಾಯಾಲಯ ಇದ್ದ ಹಾಗೆ. ಮದುವೆ ಮುರಿಯುವ ಅಧಿಕಾರ ಅದಕ್ಕೆ ಮಾತ್ರ. ಹೆಸರಿಗೆ ಫ್ಯಾಮಿಲಿ ಕೋರ್ಟ್ ಇದ್ದರೂ ಅದು ವಿಚ್ಛೇದನ ಕೊಡುವಂತಿಲ್ಲ!

ಕಾಗದದಲ್ಲಿ ಕೊಟ್ಟಿದ್ದ ಕಾರಣ ಒಂದೇ ವಾಕ್ಯ: ದಾಂಪತ್ಯ ಆರು ತಿಂಗಳಿಂದ ಸರಿಪಡಿಸಲಾಗದಷ್ಟು ಮುರಿದಿದೆ. ತಪ್ಪು ಯಾರದು ಎಂಬ ಪ್ರಶ್ನೆಯೇ ಇಲ್ಲ. ಈ ಒಂದು ವಾಕ್ಯಕ್ಕೆ ಬರಲು ನ್ಯೂಯಾರ್ಕಿಗೆ 223 ವರ್ಷ ಬೇಕಾಯಿತು ಎಂದರೆ ನಂಬುತ್ತೀರಾ?

1787ರ ಕಾನೂನು ವಿಚ್ಛೇದನಕ್ಕೆ ಒಪ್ಪಿದ್ದು ವ್ಯಭಿಚಾರವೊಂದನ್ನೇ. ಗಂಡ ಹೊಡೆದರೂ, ಬಿಟ್ಟು ಓಡಿಹೋದರೂ ಬಿಡುಗಡೆ ಇಲ್ಲ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ ಬರೆದುಕೊಟ್ಟು ಉಡಿಕೆಗೆ ದಾರಿ ಮಾಡಿಕೊಡುವ ರೂಢಿಯಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಇಂಥ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಹಿಂದುಳಿದವರು ಯಾರು, ಮುಂದುವರಿದವರು ಯಾರು ಎಂದು ನಮಗೆ ಆಗಾಗ ಅನುಮಾನ ಬರುತ್ತದೆ.

ಕಾನೂನು ಬಿಗಿಯಾದರೆ ಜನ ಸುಮ್ಮನಿರುತ್ತಾರೆಯೇ? ಸುಳ್ಳು ಹೇಳಲು ಕಲಿತರು. ಗಂಡ ಹೋಟೆಲ್ ಕೋಣೆ ಹಿಡಿಯುವುದು, ಬಾಡಿಗೆಯ ಹೆಂಗಸೊಬ್ಬಳು ಬಂದು ಅರೆಬಟ್ಟೆಯಲ್ಲಿ ಕೂರುವುದು, ಹೇಳಿದ ಹೊತ್ತಿಗೆ ಸರಿಯಾಗಿ ಕ್ಯಾಮೆರಾದವನು ಬಾಗಿಲು ತಳ್ಳುವುದು. ಫೋಟೋ ಕೋರ್ಟಿಗೆ, ದುಡ್ಡು ಅವಳಿಗೆ. ನೂರು ವಿಚ್ಛೇದನಗಳಲ್ಲಿ ಆ 'ಅಪರಿಚಿತೆ' ತಾನೇ ಎಂದು ಹೇಳಿಕೊಂಡವಳೊಬ್ಬಳ ಕಥೆ 1934ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನ್ಯಾಯಾಧೀಶರಿಗೂ ಎಲ್ಲ ಗೊತ್ತಿತ್ತು, ಆದರೂ ಸಾಕ್ಷಿ ಸಾಕ್ಷಿಯೇ.

ದುಡ್ಡಿದ್ದವರು ನೆವಾಡಾದ ರೀನೋಗೆ ರೈಲು ಹತ್ತುತ್ತಿದ್ದರು. ಅಲ್ಲಿ 1931ರಿಂದ ಆರು ವಾರ ವಾಸವಿದ್ದರೆ ಸಾಕಿತ್ತು. 'ಇನ್ನು ಇಲ್ಲೇ ಇರುತ್ತೇನೆ' ಎಂದು ಪ್ರಮಾಣ ಮಾಡಿ, ತೀರ್ಪು ಕೈಗೆ ಬಂದೊಡನೆ ಮನೆಯ ದಾರಿ ಹಿಡಿಯುವುದು. ನಾಟಕಕಾರ ಆರ್ಥರ್ ಮಿಲ್ಲರ್ 1956ರಲ್ಲಿ ಹೀಗೆಯೇ ನೆವಾಡಾದಲ್ಲಿ ವಾರಗಳನ್ನು ಎಣಿಸಿದರು. ಅಲ್ಲಿ ಕಂಡ ಕುದುರೆ ಹಿಡಿಯುವವರೇ ಮುಂದೆ 'ದಿ ಮಿಸ್‌ಫಿಟ್ಸ್' ಆದರು. ಸಾಹಿತ್ಯಕ್ಕಾದರೂ ಲಾಭವಾಯಿತು ಎನ್ನೋಣ!

ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಅವರ ಪತ್ನಿಯೂ 1962ರಲ್ಲಿ ವಿಚ್ಛೇದನ ಪಡೆದದ್ದು ರೀನೋದಲ್ಲೇ. ಅದೇ ಗವರ್ನರ್ 1966ರಲ್ಲಿ ಹೊಸ ಕಾನೂನಿಗೆ ಸಹಿ ಹಾಕಿದರು. ಕ್ರೌರ್ಯ, ತ್ಯಜಿಸುವಿಕೆ, ಸೆರೆವಾಸ ಕಾರಣಗಳಾದವು. ಲಿಖಿತ ಒಪ್ಪಂದ ಮಾಡಿಕೊಂಡು ಬೇರೆ ಇದ್ದವರಿಗೂ ದಾರಿಯಾಯಿತು. ಆದರೆ ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರು ದೂರು ಹೊರಿಸಲೇಬೇಕು. ಕ್ಯಾಲಿಫೋರ್ನಿಯಾ 1970ರಿಂದಲೇ ತಪ್ಪು ಹುಡುಕುವುದನ್ನು ಬಿಟ್ಟಿತು; ನ್ಯೂಯಾರ್ಕ್ ಬಿಟ್ಟದ್ದು 2010ರ ಅಕ್ಟೋಬರಿನಲ್ಲಿ, ಐವತ್ತು ರಾಜ್ಯಗಳಲ್ಲಿ ಕೊನೆಯದಾಗಿ.

ಆಸ್ತಿಯ ಕಥೆ ಬೇರೆ. 1980ರವರೆಗೆ ಯಾರ ಹೆಸರಿನಲ್ಲಿದೆಯೋ ಅದು ಅವರದೇ. ಆ ವರ್ಷದ ಕಾನೂನು ಮದುವೆಯ ಕಾಲದ ಗಳಿಕೆಯನ್ನು ನ್ಯಾಯವಾಗಿ ಹಂಚಬೇಕೆಂದಿತು. ನ್ಯಾಯವಾಗಿ ಎಂದರೆ ಅರ್ಧರ್ಧ ಎಂದಲ್ಲ, ಗಮನಿಸಿ. ಶಾಲೆಯಲ್ಲಿ ಪಾಠ ಹೇಳಿ ಗಂಡನನ್ನು ಡಾಕ್ಟರಿಕೆ ಓದಿಸಿದ ಹೆಂಡತಿಯೊಬ್ಬಳಿದ್ದಳು. ಲೈಸೆನ್ಸ್ ಬಂದ ಎರಡೇ ತಿಂಗಳಿಗೆ ಆತ ವಿಚ್ಛೇದನ ಕೇಳಿದ. ಆ ಲೈಸೆನ್ಸೇ ದಂಪತಿಯ ಆಸ್ತಿ, ಅದರ ಬೆಲೆಯಲ್ಲಿ ಶೇ. 40 ಅವಳದು ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 1985ರಲ್ಲಿ ಒಪ್ಪಿತು. ಮೂವತ್ತು ವರ್ಷ ನಡೆದ ಈ ಲೆಕ್ಕವನ್ನು 2016ರಲ್ಲಿ ಜಾರಿಯಾದ ತಿದ್ದುಪಡಿ ನಿಲ್ಲಿಸಿತು. ಈಗ ಡಿಗ್ರಿಗೆ ಬೆಲೆ ಕಟ್ಟುವುದಿಲ್ಲ. ಓದಿಸಿದ ಶ್ರಮವನ್ನು ಮಾತ್ರ ಹಂಚಿಕೆಯಲ್ಲಿ ಪರಿಗಣಿಸುತ್ತಾರೆ. ನಮಗೇನೋ ಹಳೆಯದೇ ಸರಿ ಎನಿಸುತ್ತದೆ.

ಇಷ್ಟು ಹೇಳಿದ ಮೇಲೆ ಗೆಳತಿ ಕೇಳಿದ್ದು: "ಇಲ್ಲಿನ ತೀರ್ಪು ನಮ್ಮೂರಲ್ಲಿ ನಡೆಯುತ್ತಾ?"

ತಿರುಪತಿಯಲ್ಲಿ ಮದುವೆಯಾದವನೊಬ್ಬ ಮಿಸ್ಸೌರಿಯಲ್ಲಿ ವಿಚ್ಛೇದನ ಪಡೆದು ಬಂದಾಗ ಭಾರತದ ಸುಪ್ರೀಂ ಕೋರ್ಟ್ 1991ರಲ್ಲಿ ಅದನ್ನು ಒಪ್ಪಲಿಲ್ಲ. ಅವನದು ನಿಜವಾದ ವಾಸವಲ್ಲ, ಹೆಂಡತಿ ಆ ಕೋರ್ಟಿನ ಅಧಿಕಾರಕ್ಕೆ ಒಳಪಡಲಿಲ್ಲ, 'ಸರಿಪಡಿಸಲಾಗದಷ್ಟು ಮುರಿದ' ಎಂಬ ಕಾರಣ ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲ ಎಂದಿತು. ಆ ಕಾರಣ ಇಂದಿಗೂ ಕಾಯ್ದೆಯೊಳಗೆ ಬಂದಿಲ್ಲ. ಅದರ ಮೇಲೆ ಮದುವೆಯನ್ನು ತಾನೇ ರದ್ದು ಮಾಡಬಲ್ಲೆ ಎಂದು 2023ರಲ್ಲಿ ದೆಹಲಿಯ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಅಂದರೆ ಶಿವಮೊಗ್ಗದ ತಾಯಿ ಹೆದರಿದ ಆ ದೊಡ್ಡ ಕೋರ್ಟೇ!

ಆದರೆ 1991ರ ತೀರ್ಪು ಒಂದು ಬಾಗಿಲು ತೆರೆದಿಟ್ಟಿದೆ: ಎದುರಿನವರು ಮನಃಪೂರ್ವಕ ಒಪ್ಪಿದ್ದರೆ ವಿದೇಶದ ತೀರ್ಪಿಗೂ ಮಾನ್ಯತೆ ಸಿಗಬಹುದು. ಗೆಳತಿಯ ಗಂಡ ಇಲ್ಲೇ ಇದ್ದಾರೆ, ಒಪ್ಪಿದ್ದಾರೆ ಕೂಡ. ಆ ಒಪ್ಪಿಗೆ ತೀರ್ಪಿನಲ್ಲೇ ಸ್ಪಷ್ಟವಾಗಿ ದಾಖಲಾಗುವಂತೆ ವಕೀಲರನ್ನು ಕೇಳಿ ಎಂದೆವು. ಮರುದಿನವೇ ಅವರು ವಕೀಲರಿಗೆ ಫೋನ್ ಮಾಡಿದರು, ಆಮೇಲೆ ಶಿವಮೊಗ್ಗಕ್ಕೆ.